ಕಾಣುವ ಎಲೆ, ಕಾಣದ ಎಲೆ

ರಾಝ್ ಆಟದಲ್ಲಿ ರಾಜ, ರಾಣಿ, ಗುಲಾಮರಿಗೆ ಬೆಲೆಯಿಲ್ಲ. ಪೋಕರಿನ ಏಳೆಲೆಯ ಸ್ಟಡ್ ಆಟವನ್ನು ತಲೆಕೆಳಗು ಮಾಡಿದರೆ ರಾಝ್ ಆಗುತ್ತದೆ: ಎಲ್ಲರಿಗಿಂತ ಸಣ್ಣ ಕೈ ಯಾರದೋ, ನಡುವೆ ಬಿದ್ದಿರುವ ಪಣವೆಲ್ಲ ಅವರದು. ಇಂಥ ಆಟಗಳನ್ನು ಒಟ್ಟಾಗಿ ಲೋಬಾಲ್ ಎನ್ನುತ್ತಾರೆ. ಶುರುವಿನಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ, ಒಂದು ಎಲೆ ತೆರೆದು ಹಂಚುತ್ತಾರೆ. ತೆರೆದ ಎಲೆಗಳಲ್ಲಿ ಅತಿ ದೊಡ್ಡದು ಯಾರದೋ ಅವರು ಒಂದು ಸಣ್ಣ ಪಣ ಕಟ್ಟಲೇಬೇಕು. ಮುಂದಿನ ಮೂರು ಎಲೆಗಳೂ ತೆರೆದೇ ಬೀಳುತ್ತವೆ, ಏಳನೆಯದು ಮತ್ತೆ ಮುಚ್ಚಿ. ಒಂದೊಂದು ಎಲೆ ಬಿದ್ದಾಗಲೂ ಪಣದ ಒಂದು ಸುತ್ತು ನಡೆಯುತ್ತದೆ. ಐದನೆಯ ಎಲೆಯಿಂದ ಪಣ ಇಮ್ಮಡಿಯಾಗುತ್ತದೆ. ಕೊನೆಗೆ ಏಳರಲ್ಲಿ ಐದು ಎಲೆ ಆರಿಸಿ ತೋರಿಸಬೇಕು. ಎಕ್ಕ ಇಲ್ಲಿ ಒಂದು. ಒಂದೇ ಬಣ್ಣ ಬಂದರೂ, ಸಾಲಾಗಿ ಬಂದರೂ ತೊಂದರೆಯಿಲ್ಲ. ಜೋಡಿ ಮಾತ್ರ ಬೀಳಬಾರದು. ಹಾಗಾಗಿ ಎಕ್ಕ, 2, 3, 4, 5 ಅತ್ಯುತ್ತಮ ಕೈ.

ಎರಡು ಕೈಗಳನ್ನು ಹೋಲಿಸುವಾಗ ದೊಡ್ಡ ಎಲೆಯಿಂದ ಕೆಳಗೆ ಬರಬೇಕು. ಹೊಸಬರು ಎಡವುವುದು ಇಲ್ಲೇ. 8-7-3-2-ಎಕ್ಕ ಹಿಡಿದವರಿಗೆ ತಮ್ಮ ಕೈಯಲ್ಲಿರುವ ಪುಟ್ಟ ಎಲೆಗಳೇ ಕಣ್ಣಿಗೆ ಕಾಣುತ್ತವೆ. ಎದುರಿನವರ 8-6-5-4-3 ಅದನ್ನು ಸೋಲಿಸುತ್ತದೆ, ಯಾಕೆಂದರೆ ಎರಡನೆಯ ಸ್ಥಾನದಲ್ಲಿ 7ಕ್ಕಿಂತ 6 ಸಣ್ಣದು. ಉಳಿದ ಮೂರನ್ನು ನೋಡುವ ಪ್ರಶ್ನೆಯೇ ಬರುವುದಿಲ್ಲ.

ನಿಯಮ ಇಷ್ಟೇ. ಇದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಚೆನ್ನಾಗಿ ಆಡುವುದನ್ನು ಕಲಿಯುವುದು ಮಾತ್ರ ಬೇರೆಯೇ ಬಗೆಯ ಕೆಲಸ. ಮನುಷ್ಯನ ಮನಸ್ಸು ಅನುಭವದಿಂದ ಪಾಠ ಕಲಿಯುವ ರೀತಿಗೂ ಈ ಆಟ ಪಾಠ ಕಲಿಸುವ ರೀತಿಗೂ ತಾಳಮೇಳವಿಲ್ಲ ಎಂಬುದು ಈ ಅಧ್ಯಾಯದ ವಿಷಯ. ರಾಝ್ ಅನ್ನೇ ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪೋಕರ್ ಕುಟುಂಬದಲ್ಲಿ ಎಣಿಕೆಗೆ ಇಷ್ಟು ಮೈತೆರೆದು ನಿಲ್ಲುವ ಆಟಗಳು ಕಡಿಮೆ: ಪ್ರತಿ ಆಟಗಾರನ ಏಳು ಎಲೆಗಳಲ್ಲಿ ನಾಲ್ಕು ಎಲ್ಲರ ಕಣ್ಣೆದುರೇ ಇರುತ್ತವೆ.

ಮೊದಲು ಎಣಿಕೆಗೇ ಬರೋಣ. 52 ಎಲೆಗಳಿಂದ ಏಳನ್ನು 13,37,84,560 ಬಗೆಯಲ್ಲಿ ಆರಿಸಬಹುದು. ಅವುಗಳಲ್ಲಿ ಎಕ್ಕದಿಂದ 5ರವರೆಗಿನ ಐದೂ ಎಲೆ ಇರುವುದು 7,81,824 ಕೈಗಳಲ್ಲಿ. ಅಂದರೆ ಏಳೂ ಎಲೆ ನೋಡುವವರೆಗೆ ಕೂತರೂ ಅತ್ಯುತ್ತಮ ಕೈ ಸಿಗುವುದು ಸುಮಾರು 171ಕ್ಕೆ ಒಂದು ಸಲ. ಅದಕ್ಕಾಗಿ ಕಾಯುವುದು ತಂತ್ರವಲ್ಲ. ಹೆಚ್ಚು ಉಪಯೋಗದ ಸಂಖ್ಯೆ ಇನ್ನೊಂದಿದೆ. ಮೊದಲ ಮೂರು ಎಲೆಗಳೂ 8 ಅಥವಾ ಅದಕ್ಕಿಂತ ಸಣ್ಣವಾಗಿದ್ದು, ಜೋಡಿಯಿಲ್ಲದೆ ಬರುವ ಸಂಭವ ಎಷ್ಟು? ಮೂರು ಎಲೆಗಳ ಒಟ್ಟು ಬಗೆಗಳು 22,100. ನಮಗೆ ಬೇಕಾದಂಥವು 3,584. ಶೇ. 16ರ ಆಸುಪಾಸು, ಆರಕ್ಕೆ ಒಂದು. ಒಳ್ಳೆಯ ಆಟಗಾರ ಹೆಚ್ಚಿನ ಕೈಗಳನ್ನು ಮೂರನೆಯ ಎಲೆಗೇ ಪ್ಯಾಕ್ ಮಾಡಿ ಸುಮ್ಮನೆ ಕೂರುವುದು ಇದಕ್ಕೇ. ಎಂಟು ಜನ ಕೂತರೆ ಏಳೇಳರಂತೆ 56 ಎಲೆ ಬೇಕು, ಕಟ್ಟಿನಲ್ಲಿರುವುದು 52. ಆದರೂ ಎಂಟು ಜನರ ಆಟ ನಡೆಯುತ್ತದೆ, ಯಾಕೆಂದರೆ ಎಂಟೂ ಜನ ಕೊನೆಯವರೆಗೆ ಉಳಿಯುವುದು ಇಲ್ಲವೆಂಬಷ್ಟು ಅಪರೂಪ.

ಇನ್ನು ಈ ಆಟದ ಜೀವಾಳವಾದ ಲೆಕ್ಕ. ನಿಮ್ಮ ಕೈಯಲ್ಲಿ 2, 4 ಮುಚ್ಚಿವೆ, 7 ತೆರೆದಿದೆ ಎಂದುಕೊಳ್ಳಿ. ನಾಲ್ಕನೆಯ ಎಲೆಯಾಗಿ ಎಕ್ಕ, 3, 5, 6, 8 ಇವುಗಳಲ್ಲಿ ಯಾವುದು ಬಂದರೂ ಒಳ್ಳೆಯದು. ಅಂಥವು ಕಟ್ಟಿನಲ್ಲಿ 20. ಈಗ ತಲೆ ಎತ್ತಿ ಮೇಜು ನೋಡಿ. ಉಳಿದ ಏಳು ಜನರ ಮುಂದೆ ರಾಜ, ರಾಜ, ರಾಣಿ, ಗುಲಾಮ, 10, 9, 7 ತೆರೆದಿದ್ದರೆ ನಿಮಗೆ ಬೇಕಾದ ಒಂದು ಎಲೆಯೂ ಹೊರಗೆ ಹೋಗಿಲ್ಲ. ಕಾಣದ 42 ಎಲೆಗಳಲ್ಲಿ 20 ನಿಮಗೆ ಒದಗುವಂಥವು: ಶೇ. 47.6. ಅದರ ಬದಲು ಎಕ್ಕ, 3, 3, 5, 6, 8, ರಾಜ ತೆರೆದಿದ್ದರೆ? ಆರು ಎಲೆ ಆಗಲೇ ಹೋದವು. ಉಳಿದದ್ದು 42ರಲ್ಲಿ 14, ಸರಿಯಾಗಿ ಮೂರಕ್ಕೆ ಒಂದು. ನಿಮ್ಮ ಕೈ ಒಂದಿನಿತೂ ಬದಲಾಗಿಲ್ಲ, ಅದರ ಬೆಲೆ ಬದಲಾಯಿತು. ಎರಡನೆಯ ಮೇಜಿನಲ್ಲಿ ನಿಮಗೆ ಬೇಕಾದ ಎಲೆಗಳು ಹೋಗಿರುವುದಷ್ಟೇ ಅಲ್ಲ, ಅವು ಹೋಗಿರುವುದು ಎದುರಾಳಿಗಳ ಕೈಗೆ. ಅವರೂ ಬಲವಾಗಿದ್ದಾರೆ.

ಇದನ್ನು ಪುಸ್ತಕದಲ್ಲಿ ಓದಿದಾಗ ತಕ್ಷಣ ಅರ್ಥವಾಗುತ್ತದೆ. ಮೇಜಿನಲ್ಲಿ ಮಾಡುವುದು ಕಷ್ಟ. ಒಬ್ಬ ಪ್ಯಾಕ್ ಮಾಡಿದ ಕೂಡಲೇ ಅವನ ತೆರೆದ ಎಲೆ ಮಗುಚಿ ಹೋಗಿಬಿಡುತ್ತದೆ, ಮತ್ತೆ ಕೇಳುವಂತಿಲ್ಲ. ಐದನೆಯ ಎಲೆಯ ಹೊತ್ತಿಗೆ ಹತ್ತು ಹನ್ನೆರಡು ಎಲೆಗಳು ಬಂದು ಹೋಗಿರುತ್ತವೆ. ಅವನ್ನೆಲ್ಲ ನೆನಪಿಡಲು ಅಸಾಧಾರಣ ಸ್ಮರಣಶಕ್ತಿ ಬೇಕೆಂದು ಹೊಸಬರು ಹೆದರುತ್ತಾರೆ. ಬೇಡ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಚದುರಂಗದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ನಿಜವಾದ ಆಟದ ನಡುವಿನ ಹಾಸೊಂದನ್ನು ಐದು ಸೆಕೆಂಡು ತೋರಿಸಿ ಮರುಜೋಡಿಸಲು ಹೇಳಿದಾಗ ನುರಿತ ಆಟಗಾರ ಹೊಸಬನನ್ನು ಬಹುದೂರ ಹಿಂದೆ ಹಾಕಿದ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಮಾಯವಾಯಿತು. ನುರಿತವರ ನೆನಪಿನ ಪಾತ್ರೆ ದೊಡ್ಡದಲ್ಲ. ಅದರೊಳಗೆ ಅವರು ಬಿಡಿ ಕಾಯಿಗಳ ಬದಲು ಅರ್ಥವಿರುವ ಗುಂಪುಗಳನ್ನು ಇಡುತ್ತಾರೆ. ರಾಝ್ ಆಡಿ ಪಳಗಿದವರು ಮಾಡುವುದೂ ಇದನ್ನೇ. ಹೋದ ಎಲೆಗಳನ್ನೆಲ್ಲ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಮಗೆ ಬೇಕಾದ ಐದಾರು ಅಂಕಿಗಳನ್ನು ಮಾತ್ರ ಸಾಲಾಗಿ ಇಟ್ಟುಕೊಂಡು ಒಂದೊಂದು ಹೋದಾಗ ಕಳೆಯುತ್ತಾರೆ: ಮೂರು ಎರಡು ಹೋಯಿತು, ಐದು ಒಂದು ಹೋಯಿತು. ಬಣ್ಣದ ಗೊಡವೆ ಬೇಡ, ರಾಜ ರಾಣಿಯರ ಗೊಡವೆ ಬೇಡ. ಏನನ್ನು ಮರೆಯಬಹುದು ಎಂಬುದನ್ನು ಪಕ್ಕದಲ್ಲಿ ಕೂತ ಅನುಭವಿ ಕಲಿಸಿಬಿಡುವಷ್ಟು ಬೇಗ ಪುಸ್ತಕದ ಹತ್ತು ಪುಟಗಳು ಕಲಿಸಲಾರವು.

ಹಾಗೆಂದು ಪುಸ್ತಕಗಳು ಕಡಿಮೆಯವಲ್ಲ. ಅವು ಮಾಡಿದ್ದೇನೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ 1885ರ ಕಾನೂನು ಸ್ಟಡ್ ಆಟವನ್ನು ಹೆಸರು ಹಿಡಿದು ನಿಷೇಧಿಸಿತ್ತು; ಅಲ್ಲಿನ ಗಾರ್ಡೀನಾದ ಇಸ್ಪೀಟು ಕ್ಲಬ್ಬುಗಳಲ್ಲಿ ಎಲೆ ಬದಲಾಯಿಸಿಕೊಳ್ಳುವ ಡ್ರಾ ಬಗೆಯ ಲೋಬಾಲ್ ಬೆಳೆಯಿತು. ರಾಝ್ ನಡೆಯುತ್ತಿದ್ದದ್ದು ನೆವಾಡಾದ ಲಾಸ್ ವೇಗಸ್‌ನಲ್ಲಿ. 1971ರಷ್ಟು ಹಿಂದೆಯೇ ಅಲ್ಲಿನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಅದಕ್ಕೊಂದು ಪ್ರತ್ಯೇಕ ಸ್ಪರ್ಧೆ ಇತ್ತು. ಆ ಕಾಲದಲ್ಲಿ ಒಳ್ಳೆಯ ಆಟಗಾರರ ತಿಳಿವಳಿಕೆ ಬಾಯಿಂದ ಬಾಯಿಗೂ ಹೋಗುತ್ತಿರಲಿಲ್ಲ, ಅದು ಅವರ ಹೊಟ್ಟೆಪಾಡು. 1970ರ ದಶಕದ ಕೊನೆಯಲ್ಲಿ ಎರಡು ಪುಸ್ತಕಗಳು ಈ ಬೀಗ ತೆಗೆದವು. ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ ಒಂದೊಂದು ಆಟಕ್ಕೆ ಒಬ್ಬೊಬ್ಬ ನಿಪುಣನನ್ನು ಕೂರಿಸಿ ಬರೆಸಿದ ‘ಸೂಪರ್/ಸಿಸ್ಟಮ್’ ಒಂದು. ಅದರಲ್ಲಿ ಸ್ಟಡ್ ಭಾಗ ಬರೆದ ಚಿಪ್ ರೀಸ್, 2006ರಲ್ಲಿ ರಾಝ್ ಕೂಡ ಸೇರಿದ ಐದಾಟಗಳ ಹಾರ್ಸ್ ಸ್ಪರ್ಧೆಯನ್ನು ಗೆದ್ದರು; ಅದರ ಪ್ರವೇಶ ಶುಲ್ಕವೇ 50,000 ಡಾಲರ್. ಇನ್ನೊಂದು, ಡೇವಿಡ್ ಸ್ಕ್ಲಾನ್ಸ್ಕಿ ರಾಝ್ ಒಂದರ ಬಗ್ಗೆಯೇ ಬರೆದ ಪುಸ್ತಕ. ಸ್ಕ್ಲಾನ್ಸ್ಕಿ ಮೊದಲು ವಿಮಾ ಗಣಿತಜ್ಞರಾಗಿ ಕೆಲಸ ಮಾಡಿದವರು. ಯಾರು ಯಾವಾಗ ಸಾಯುತ್ತಾರೆಂದು ವಿಮೆಯವರಿಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಲಕ್ಷ ಜನರಲ್ಲಿ ಎಷ್ಟು ಎಂದು ಗೊತ್ತಿದ್ದರೆ ಸಾಕು. ಇಸ್ಪೀಟಿನ ಮುಂದೆ ಆ ಕಣ್ಣು ಹಿಡಿದು ಕೂತದ್ದು ಅವರ ಬಹುದೊಡ್ಡ ಕೊಡುಗೆ ಎಂದು ನನ್ನ ಎಣಿಕೆ. ಎದುರಾಳಿಯ ಮುಚ್ಚಿದ ಎಲೆಗಳು ಕಂಡಿದ್ದರೆ ನೀವು ಹೇಗೆ ಆಡುತ್ತಿದ್ದಿರೋ, ಅದರಿಂದ ದೂರ ಸರಿದಾಗಲೆಲ್ಲ ಅವನಿಗೆ ಲಾಭ ಎಂಬುದು ಅವರ ಮೂಲತತ್ವದ ಸಾರ. ಗೆದ್ದಿರೋ ಸೋತಿರೋ ಎಂಬ ಮಾತೇ ಅದರಲ್ಲಿಲ್ಲ.

ರಾಝ್ ಪುಸ್ತಕಗಳು ಕಲಿಸುವ ಪಾಠಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಐದನೆಯ ಎಲೆಯ ಸುತ್ತಿನದು. ಇಬ್ಬರೇ ಉಳಿದಿದ್ದಾರೆ. ಎದುರಾಳಿಯದು 10-9-7-6-5: ಐದೂ ಎಲೆ ಕೂಡಿ ಬಂದ, ಸಿದ್ಧವಾದ ಕೈ. ನಿಮ್ಮದು ಎಕ್ಕ-2-3-4, ಜೊತೆಗೊಂದು ರಾಜ: ಇನ್ನೂ ಕೂಡಿ ಬರದ ಕೈ. ಎರಡೆರಡು ಎಲೆ ಬರುವುದು ಬಾಕಿ. ಯಾರು ಮುಂದಿದ್ದಾರೆ? ಈ ಗಳಿಗೆಯಲ್ಲಿ ಆಟ ನಿಲ್ಲಿಸಿದರೆ ಎದುರಾಳಿಯೇ ಗೆದ್ದ. ಆದರೆ ಈ ಹತ್ತನ್ನು ಬಿಟ್ಟು ಉಳಿದ 42 ಎಲೆಗಳಲ್ಲಿ 5ರಿಂದ 10ರವರೆಗಿನ 19 ಎಲೆಗಳಲ್ಲಿ ಒಂದು ಬಂದರೂ ನಿಮ್ಮ ಕೈ ಅವನ ಈಗಿನ ಕೈಯನ್ನು ಮೀರುತ್ತದೆ. 10 ಬಂದರೂ ಸರಿ, ಯಾಕೆಂದರೆ 10ರ ಬೆನ್ನಿಗೆ ನಿಮಗಿರುವುದು 4, ಅವನಿಗಿರುವುದು 9. ಎರಡು ಎಲೆಗಳೂ ಕೈಕೊಡುವ ಸಂಭವ 23/42 ಗುಣಿಸು 22/41, ಅಂದರೆ ಶೇ. 29.4. ಶೇ. 70.6ರಷ್ಟು ಸಲ ನೀವು ಮೇಲೆ ಬರುತ್ತೀರಿ. ಅವನಿಗೂ ಎರಡು ಎಲೆ ಬರುವುದರಿಂದ ಕೆಲವು ಸಲ ಅವನು ಮತ್ತೆ ನಿಮ್ಮನ್ನು ದಾಟುತ್ತಾನೆ. ಅದನ್ನೂ ಕಳೆದರೆ ನಿಮ್ಮ ಗೆಲುವು ಸುಮಾರು ಶೇ. 63. ಹಿಂದಿರುವ ಕೈಯೇ ಇಲ್ಲಿ ಬಲವಾದ ಕೈ. ಪಣ ಏರಿಸಬೇಕಾದವರು ನೀವು.

ಈ ಫಲಿತಾಂಶ ಒಪ್ಪಿಕೊಳ್ಳಲು ಮನಸ್ಸು ತಕರಾರು ಮಾಡುತ್ತದೆ. ಕೈಯಲ್ಲಿರುವುದು ಕಣ್ಣಿಗೆ ಕಾಣುತ್ತದೆ, ಬರಲಿರುವುದು ಕಾಣುವುದಿಲ್ಲ. ಸಾವಿರ ಸಲ ಆಡಿದರೂ ಒಬ್ಬ ಆಟಗಾರ ಇದನ್ನು ತಾನಾಗಿ ಕಂಡುಕೊಳ್ಳದೆ ಹೋಗಬಹುದು. ಯಾಕೆಂದು ನೋಡೋಣ.

ಪ್ರತಿ ಸಲ ಶೇ. 63 ಗೆಲುವಿನ ಸಂಭವ ಇರುವ ಇಂಥ ಹತ್ತು ಕೈ ಆಡಿದಿರಿ ಎಂದುಕೊಳ್ಳಿ. ಹತ್ತರಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಂಭವ ಎಷ್ಟು ಗೊತ್ತೇ? ಶೇ. 29. ಅಂದರೆ ಸರಿಯಾಗಿ ಆಡಿದ ಹತ್ತು ಜನರಲ್ಲಿ ಮೂವರಿಗೆ, ಹತ್ತು ಕೈಗಳ ಕೊನೆಯಲ್ಲಿ, ತಾವು ಮಾಡಿದ್ದು ತಪ್ಪೆಂದು ತೋರಲು ಬೇಕಾದಷ್ಟು ‘ಅನುಭವ’ ಕೈಗೆ ಸಿಕ್ಕಿರುತ್ತದೆ. ನೂರು ಕೈಗಳಾದರೆ ಚಿತ್ರ ಬೇರೆ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಂಭವ ಆಗ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಇದೇ ಸನ್ನಿವೇಶ ನೂರು ಸಲ ಬರುವಷ್ಟು ಹೊತ್ತಿಗೆ ಎಷ್ಟು ರಾತ್ರಿಗಳು ಕಳೆದಿರುತ್ತವೆ, ಮೊದಲ ಹತ್ತರ ಕಹಿ ಎಷ್ಟು ಆಳಕ್ಕೆ ಇಳಿದಿರುತ್ತದೆ!

ಮನಶ್ಶಾಸ್ತ್ರಜ್ಞ ರಾಬಿನ್ ಹೋಗಾರ್ತ್ ಕಲಿಕೆಯ ಪರಿಸರಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು: ಮಾಡಿದ್ದಕ್ಕೆ ತಕ್ಷಣ, ನಿಖರವಾಗಿ ಉತ್ತರ ಕೊಡುವ ಸೌಮ್ಯ ಪರಿಸರ ಒಂದು; ತಡವಾಗಿ, ಗೋಜಲಾಗಿ, ಕೆಲವೊಮ್ಮೆ ಸುಳ್ಳೇ ಉತ್ತರ ಕೊಡುವ ಕಠೋರ ಪರಿಸರ ಇನ್ನೊಂದು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಜೊತೆಯಾಗಿ ಬರೆದ ಪ್ರಬಂಧವೂ ಇದೇ ದಿಕ್ಕಿನದು. ಒಬ್ಬರು ಮನಸ್ಸಿನ ತಪ್ಪುಗಳನ್ನು, ಇನ್ನೊಬ್ಬರು ಅಗ್ನಿಶಾಮಕ ದಳದ ನಾಯಕರಂಥವರ ಒಳಗಣ್ಣನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು. ಸುತ್ತಲ ಜಗತ್ತಿನಲ್ಲಿ ಒಂದು ಕ್ರಮವಿದ್ದು, ಆ ಕ್ರಮವನ್ನು ಕಲಿಯಲು ಸರಿಯಾದ ಪ್ರತಿಫಲನ ಸಿಕ್ಕಿದರೆ ಮಾತ್ರ ಅಂತಃಪ್ರಜ್ಞೆಯನ್ನು ನಂಬಬಹುದು ಎಂದು ಇಬ್ಬರೂ ಒಪ್ಪಿದರು. ರಾಝ್‌ನಲ್ಲಿ ಕ್ರಮ ಖಂಡಿತ ಇದೆ, 52 ಎಲೆಗಳಷ್ಟು ನಿಖರವಾದ ಕ್ರಮ. ಪ್ರತಿಫಲನ ಮಾತ್ರ ಮಸುಕು.

ಬ್ರನ್ಸನ್ ಅವರದೇ ಉದಾಹರಣೆ ನೋಡಿ. ಹೋಲ್ಡ್‌ಎಮ್ ಎಂಬ ಬೇರೊಂದು ಪೋಕರ್ ಆಟದ ವಿಶ್ವ ಪ್ರಶಸ್ತಿಯನ್ನು ಅವರು 1976ರಲ್ಲೂ 1977ರಲ್ಲೂ ಗೆದ್ದರು. ಎರಡೂ ವರ್ಷ ಕೊನೆಯ ಕೈಯಲ್ಲಿ ಅವರ ಬಳಿ ಇದ್ದದ್ದು 10 ಮತ್ತು 2, ಆ ಆಟದ ದುರ್ಬಲ ಕೈಗಳಲ್ಲೊಂದು. ಎರಡೂ ಸಲ ಅದು ಫುಲ್ ಹೌಸ್ ಎಂಬ ಬಲವಾದ ಕೈಯಾಗಿ ಬೆಳೆಯಿತು. ಇವತ್ತಿಗೂ ಆ ಕೈಗೆ ಅವರ ಹೆಸರೇ ಇದೆ. ಫಲಿತಾಂಶವೇ ಗುರುವಾಗಿದ್ದರೆ ಜಗತ್ತಿನ ಪೋಕರ್ ಆಟಗಾರರೆಲ್ಲ 10-2 ಹಿಡಿದು ಹಣ ಕಳೆಯುತ್ತ ಕೂರಬೇಕಿತ್ತು.

ಅನುಭವಿ ಆಟಗಾರರಿಂದ ಕಲಿಯುವುದು ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ಅವರು ಫಲಿತಾಂಶಕ್ಕೂ ಕಲಿಯುವವನಿಗೂ ನಡುವೆ ನಿಲ್ಲುತ್ತಾರೆ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಲೇಖಕಿ ಮರಿಯಾ ಕೊನ್ನಿಕೋವಾ, ಪೋಕರಿನ ಗಂಧಗಾಳಿಯಿಲ್ಲದೆ ಎರಿಕ್ ಸೈಡಲ್ ಬಳಿ ಕಲಿಯಲು ಹೋದರು. ಸೈಡಲ್ ಮೊದಲು ಬ್ಯಾಕ್‌ಗ್ಯಾಮನ್ ಆಡಿ ಪಳಗಿದವರು, 2007ರಲ್ಲಿ 2-7 ಬಗೆಯ ಲೋಬಾಲ್‌ನಲ್ಲೂ ವಿಶ್ವ ಸರಣಿಯ ಪ್ರಶಸ್ತಿ ಗೆದ್ದವರು. ಕೊನ್ನಿಕೋವಾ 2020ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಲಿಕೆಯ ಕಥೆಯಿದೆ. ಒಳ್ಳೆಯ ಎಲೆ ಇಟ್ಟುಕೊಂಡೂ ಕೊನೆಯ ಎಲೆಗೆ ಸೋತೆನೆಂದು ಶಿಷ್ಯೆ ಗೋಳು ತೋಡಿಕೊಳ್ಳಲು ಹೋದಾಗ ಗುರು ಕೇಳಿಸಿಕೊಳ್ಳಲು ಒಪ್ಪಲಿಲ್ಲ. ಆ ಕೈಯನ್ನು ಹೇಗೆ ಆಡಿದೆ, ಅದರಲ್ಲಿ ಪ್ರಶ್ನೆಯೇನಾದರೂ ಇದೆಯೇ ಎಂಬುದಷ್ಟೇ ಅವರಿಗೆ ಬೇಕಿತ್ತು. ಕಠಿಣವೆನಿಸಬಹುದು. ಆದರೆ ಸೋಲಿನ ಕಥೆ ಹೇಳಿಕೊಂಡಷ್ಟೂ ಸೋತದ್ದೇ ನೆನಪಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ನಿಂತು ಏನು ನೋಡಿ ತೀರ್ಮಾನಿಸಿದೆ ಎಂಬುದು ಅಳಿಸಿಹೋಗುತ್ತದೆ. 2018ರ ಜನವರಿಯಲ್ಲಿ ಆ ಶಿಷ್ಯೆ ಬಹಾಮಾಸ್‌ನಲ್ಲಿ ಒಂದು ದೊಡ್ಡ ಸ್ಪರ್ಧೆ ಗೆದ್ದರು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕಂಪ್ಯೂಟರುಗಳು ಕಲಿತ ದಾರಿಯೂ ಇದಕ್ಕೆ ಹತ್ತಿರ. ಮೈಕೆಲ್ ಬೌಲಿಂಗ್ ಅವರ ತಂಡ 2015ರಲ್ಲಿ ‘ಸೆಫಿಯಸ್’ ಎಂಬ ಪ್ರೋಗ್ರಾಮನ್ನು ಮುಂದಿಟ್ಟಿತು. ಇಬ್ಬರು ಆಡುವ, ಪಣಕ್ಕೆ ಮಿತಿಯಿರುವ ಹೋಲ್ಡ್‌ಎಮ್ ಆಟದಲ್ಲಿ ಅದು ಎಷ್ಟು ಪೂರ್ಣತೆಗೆ ಹತ್ತಿರ ಬಂದಿದೆಯೆಂದರೆ, ಮನುಷ್ಯನೊಬ್ಬ ಜೀವಮಾನವಿಡೀ ಅದರೆದುರು ಕೂತರೂ ಅದರಲ್ಲಿ ಲೋಪವಿದೆಯೆಂದು ಸಾಬೀತು ಮಾಡಲಾರ. 4,800 ಪ್ರೊಸೆಸರುಗಳು ಎರಡು ತಿಂಗಳಿಗೂ ಹೆಚ್ಚು ಕಾಲ ಕೆಲಸ ಮಾಡಿ ಅದನ್ನು ರೂಪಿಸಿದವು. ಪ್ರೋಗ್ರಾಮು ತನ್ನೊಂದಿಗೆ ತಾನೇ ಆಡುತ್ತದೆ. ಪ್ರತಿ ತಿರುವಿನಲ್ಲೂ, ಇಲ್ಲಿ ಪ್ಯಾಕ್ ಮಾಡಿದ್ದರೆ ಎಷ್ಟು, ಪಣ ಏರಿಸಿದ್ದರೆ ಎಷ್ಟು ಎಂದು ತಾನು ಬಿಟ್ಟ ದಾರಿಗಳ ಬೆಲೆಯನ್ನೂ ಲೆಕ್ಕ ಹಾಕುತ್ತದೆ. ಯಾವ ದಾರಿ ಬಿಟ್ಟದ್ದಕ್ಕೆ ನಷ್ಟ ಹೆಚ್ಚೋ ಮುಂದಿನ ಸಲ ಆ ಕಡೆಗೆ ಸ್ವಲ್ಪ ವಾಲುತ್ತದೆ. ಒಂದು ಕೈ ಗೆದ್ದೆನೆಂದು ಅದು ಹಿಗ್ಗುವುದಿಲ್ಲ. ಎದುರಾಳಿ ಹಿಡಿದಿರಬಹುದಾದ ಎಲ್ಲ ಎಲೆಗಳ ಮೇಲೆ ಸರಾಸರಿ ತೆಗೆದೇ ತೀರ್ಮಾನ. ಯಾರೂ ಹೇಳಿಕೊಡದಿದ್ದರೂ ಬ್ಲಫ್ ಮಾಡುವುದನ್ನೂ, ಅಂದರೆ ದುರ್ಬಲ ಕೈ ಹಿಡಿದು ಬಲವಾದದ್ದಿರುವಂತೆ ಪಣ ಕಟ್ಟುವುದನ್ನೂ, ಅದು ಹೀಗೆಯೇ ಕಲಿಯಿತು.

ಬ್ಲಫ್ ಎಂದರೆ ಧೈರ್ಯದ, ಮುಖಭಾವದ ಸಂಗತಿ ಎಂಬ ನಂಬಿಕೆ ಸಿನಿಮಾಗಳಿಂದ ಬಂದದ್ದು. ಅದಕ್ಕೂ ಲೆಕ್ಕವಿದೆ ಎಂದು ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಆಟಗಳ ಗಣಿತದ ಬಗ್ಗೆ 1944ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲೇ ತೋರಿಸಿದ್ದರು. ರಾಝ್‌ನ ಏಳನೆಯ ಎಲೆ ಮುಚ್ಚಿರುತ್ತದೆ. ನಡುವೆ ಆರು ಪಣಗಳಷ್ಟು ಹಣವಿದೆ, ನೀವು ಇನ್ನೊಂದು ಪಣ ಕಟ್ಟಿದಿರಿ. ಎದುರಾಳಿ ಒಂದು ಕೊಟ್ಟರೆ ಏಳು ಗೆಲ್ಲಬಹುದು. ನೀವು ಎಂಟಕ್ಕೆ ಒಂದಕ್ಕಿಂತ ಹೆಚ್ಚು ಸಲ ಸುಳ್ಳು ಹೇಳಿದರೆ ಅವನು ಯಾವಾಗಲೂ ಕೊಟ್ಟು ನೋಡುವುದೇ ಲಾಭ. ಅದಕ್ಕಿಂತ ಕಡಿಮೆಯಾದರೆ ಪ್ಯಾಕ್ ಮಾಡುವುದೇ ಲಾಭ. ಸರಿಯಾಗಿ ಎಂಟಕ್ಕೆ ಒಂದು ಸಲವಾದರೆ ಅವನು ಏನು ಮಾಡಿದರೂ ಒಂದೇ.

ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ನಮ್ಮಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಆಂಧ್ರದ ಒಂದು ಪ್ರಕರಣದಲ್ಲಿ ಹೇಳಿದ್ದು 1967ರಲ್ಲಿ. ಬಿದ್ದ ಎಲೆಗಳನ್ನು ನೆನಪಿಡಬೇಕು ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದ್ದೂ ಈ ವ್ಯತ್ಯಾಸದ ಆಧಾರದ ಮೇಲೆ. 2025ರ ಕೇಂದ್ರ ಕಾನೂನು ಆ ವ್ಯತ್ಯಾಸವನ್ನೇ ಬದಿಗಿಟ್ಟು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಆನ್‌ಲೈನಿನಲ್ಲಿ ಹಣದ ಆಟವೇ ಬೇಡವೆಂದಿತು. ಗಣಿತದ ಕಡೆಯಿಂದ ನೋಡಿದರೆ ಪ್ರಶ್ನೆಯಲ್ಲೇ ಒಂದು ಕೊರತೆಯಿದೆ: ಎಷ್ಟು ಕೈಗಳ ಆಟ? ಹತ್ತು ಕೈಗಳ ರಾಝ್‌ನಲ್ಲಿ ಅದೃಷ್ಟದ ಪಾಲು ದೊಡ್ಡದು, ಹತ್ತು ಸಾವಿರ ಕೈಗಳಲ್ಲಿ ಬಹಳ ಸಣ್ಣದು. ಹಣ ಕಳೆದುಕೊಂಡು ಮನೆ ಮುರಿದುಕೊಂಡವರಲ್ಲಿ ಹೆಚ್ಚಿನವರು ಮೊದಲನೆಯ ಬಗೆಯ ಆಟವನ್ನು ಎರಡನೆಯದೆಂದು ನಂಬಿದವರು ಎಂಬುದು ನನ್ನ ಅನಿಸಿಕೆ.

ರಾಝ್ ಕಲಿಯಲು ಹಣ ಬೇಕಾಗಿಯೂ ಇಲ್ಲ. ಒಂದು ಕಟ್ಟು ಇಸ್ಪೀಟು, ಒಂದು ಬೊಗಸೆ ಹುಣಸೆ ಬೀಜ, ಒಂದು ನೋಟ್‌ಬುಕ್ ಸಾಕು. ಎಂಟು ಜನರಿಗೆ ಮೂರು ಮೂರು ಎಲೆ ಹಂಚಿ, ಒಂದು ಕೈ ನಿಮ್ಮದೆಂದು ಇಟ್ಟುಕೊಳ್ಳಿ. ಉಳಿದ ಏಳು ತೆರೆದ ಎಲೆಗಳನ್ನು ಐದು ಸೆಕೆಂಡು ನೋಡಿ ಮಗುಚಿ. ನಿಮಗೆ ಬೇಕಾದ ಎಲೆಗಳಲ್ಲಿ ಎಷ್ಟು ಉಳಿದಿವೆ ಎಂದು ಬರೆದು ಆಮೇಲೆ ತೆರೆದು ನೋಡಿ. ಇದು ಸಲೀಸಾದ ಮೇಲೆ ಗೆಳೆಯರೊಬ್ಬರನ್ನು ಕೂರಿಸಿಕೊಳ್ಳಿ, ನಿಮಗಿಂತ ಚೆನ್ನಾಗಿ ಆಡುವವರಾದರೆ ಒಳ್ಳೆಯದು. ಪ್ರತಿ ಸುತ್ತಿನಲ್ಲೂ ಬೀಜ ಮುಂದೆ ತಳ್ಳುವ ಮೊದಲು ಯಾಕೆ ತಳ್ಳುತ್ತಿದ್ದೀರೆಂದು ಒಂದು ಸಾಲು ಬರೆಯಿರಿ. ಆಟ ಮುಗಿದ ಮೇಲೆ ಆ ಸಾಲುಗಳನ್ನು ಮಾತ್ರ ಅವರಿಗೆ ತೋರಿಸಿ, ಗೆದ್ದಿರೋ ಸೋತಿರೋ ಹೇಳಬೇಡಿ. ಕೊನೆಗೆ ಐದನೆಯ ಎಲೆಯ ಆ ಎರಡು ಕೈಗಳನ್ನು, 10-9-7-6-5 ಮತ್ತು ಎಕ್ಕ-2-3-4-ರಾಜ, ಮೇಜಿನ ಮೇಲೆ ತೆರೆದಿಟ್ಟು ಉಳಿದ 42 ಎಲೆಗಳನ್ನು ಚೆನ್ನಾಗಿ ಕಲೆಸಿ ಎರಡೆರಡು ಎಲೆ ಹಂಚಿ. ಗೆದ್ದವರು ಯಾರೆಂದು ಗುರುತು ಹಾಕಿ, ಮತ್ತೆ ಕಲೆಸಿ, ಮತ್ತೆ ಹಂಚಿ. ಇಪ್ಪತ್ತು ಸಲ ಹಂಚಿದ ಮೇಲೂ ಲೆಕ್ಕ ಶೇ. 63ರ ಹತ್ತಿರ ಸುಳಿಯದಿದ್ದರೆ ಇನ್ನೂ ಎಂಬತ್ತು ಸಲ ಹಂಚಿ.